ಅಮೋನಿಯಾ ಆವಿಯಿಂದ ಮರಕ್ಕೆ ಬಣ್ಣ ಬರಿಸುವ ಕ್ರಮ

ಮುಂಜಾನೆ ದನದ ಕೊಟ್ಟಿಗೆಯ ಬಾಗಿಲನ್ನು ತೆರೆದೊಡನೆ ಮೂಗಿಗೆ ಅಡರುವ ಘಾಟನ್ನು ಅರಿಯದ ರೈತರಿಲ್ಲ. ಅದು ಗಂಜಲದಿಂದ ಹೊರಡುವ ಅಮೋನಿಯಾ ಎಂಬ ವಾಯು. ಇಂಗ್ಲೆಂಡಿನ ಕುದುರೆಲಾಯಗಳಲ್ಲಿ ಓಕ್ ಮರದ ತೊಲೆಗಳು ಈ ವಾಯುವಿನಿಂದ ಕಪ್ಪಾದುದನ್ನು ಕಂಡು ಬಡಗಿಗಳು ಈ ಕ್ರಮವನ್ನು ಕಲಿತರೆಂದು ಹೇಳುವುದುಂಟು. 20ನೆಯ ಶತಮಾನದ ಆದಿಯಲ್ಲಿ ಅಮೆರಿಕದ ಗುಸ್ತಾವ್ ಸ್ಟಿಕ್ಲಿ ಎಂಬವರು ಇಂತಹ ಮರದ ಸಾಮಾನುಗಳನ್ನು ಪ್ರಸಿದ್ಧಿಗೆ ತಂದರು.

ಕಾರಣ: ಓಕ್ ಮರದಲ್ಲಿ ಟ್ಯಾನಿನ್ ಎಂಬ ಒಗರು ಪದಾರ್ಥವಿದೆ. ಅಮೋನಿಯಾ ತಗಲಿದೊಡನೆ ಇದು ಮಾರ್ಪಟ್ಟು ಕಂದು ಬಣ್ಣಕ್ಕೆ ತಿರುಗುತ್ತದೆ. ಇದು ಮೇಲೆ ಬಳಿದ ಬಣ್ಣವಲ್ಲವಾದುದರಿಂದ ಮರದ ಎಳೆಗಳು ಮುಚ್ಚಿಹೋಗುವುದಿಲ್ಲ. ಚೇಗಿನ ಹೊರಗಿನ ಬಿಳಿಯ ಭಾಗದಲ್ಲಿ ಒಗರು ಕಡಿಮೆ. ಅದು ಅಷ್ಟಾಗಿ ಕಪ್ಪಾಗದು.

ಕ್ರಮ: ಮರವನ್ನು ಚೆನ್ನಾಗಿ ನಯಮಾಡಿ, ಎಣ್ಣೆ, ಅಂಟುಗಳ ಕಲೆಯಿಲ್ಲದಂತೆ ಶುಚಿಮಾಡತಕ್ಕದ್ದು. ಕಬ್ಬಿಣದ ಮೊಳೆಗಳನ್ನು ತೆಗೆಯಬೇಕು. ಒಗರಿಗೆ ಕಬ್ಬಿಣ ತಗಲಿದರೆ ಕರಿಯ ಕಲೆ ಬೀಳುವುದು. ಮರವನ್ನು ಬಿಗಿಯಾದ ಪೆಟ್ಟಿಗೆಯಲ್ಲಿರಿಸಿ, ನೂರಕ್ಕೆ 26ರಿಂದ 30 ಭಾಗ ಅಮೋನಿಯಾ ಇರುವ ದ್ರಾವಣವನ್ನು ಗಾಜಿನ ಬಟ್ಟಲಿನಲ್ಲಿ ಪಕ್ಕಕ್ಕಿಟ್ಟು ಮುಚ್ಚತಕ್ಕದ್ದು. ಸಾಮಾನ್ಯವಾಗಿ 24ರಿಂದ 48 ಗಂಟೆಗಳಲ್ಲಿ ಬಣ್ಣ ಬರುವುದು. ಬಳಿಕ ಘಾಟು ಪೂರಾ ಹೋಗುವವರೆಗೆ ಬಯಲಿನಲ್ಲಿಟ್ಟು ಜೇನುಮೇಣವನ್ನು ತಿಕ್ಕಿದರೆ ಮಂಕಾಗಿದ್ದ ಬಣ್ಣ ಕಳೆಗೂಡುತ್ತದೆ.

ಒಗರು ಕಡಿಮೆಯಿರುವ ಮರಗಳಿಗೆ ಮೊದಲು ಒಗರಿನ ಕಷಾಯವನ್ನು ಸವರಿ ಒಣಗಿಸಬಹುದು. ಚರ್ಮ ಹದಮಾಡಲು ಬಳಸುವ ಅಳಲೆಕಾಯಿ, ಜಾಲಿಯ ತೊಗಟೆಗಳಲ್ಲಿ ಈ ಒಗರು ಹೇರಳವಾಗಿದೆ. ಯಾವ ಮರವಾದರೂ ಸಣ್ಣ ತುಂಡಿನಲ್ಲಿ ಪರೀಕ್ಷಿಸದೆ ಬೆಲೆಬಾಳುವ ಸಾಮಾನಿಗೆ ಕೈಹಾಕಲಾಗದು.

ಎಚ್ಚರಿಕೆ: ಈ ದ್ರಾವಣ ಕಣ್ಣಿಗೆ ಬಿದ್ದರೆ ದೃಷ್ಟಿಯೇ ಹೋಗಬಹುದು, ಆವಿಯು ಶ್ವಾಸಕೋಶವನ್ನು ಸುಡುವುದು. ಮುಖಕ್ಕೆ ಬಟ್ಟೆ ಕಟ್ಟಿಕೊಂಡರೆ ಸಾಲದು, ಬಟ್ಟೆಯು ಈ ವಾಯುವನ್ನು ತಡೆಯದು. ಕೆಲಸವನ್ನು ಬಯಲಿನಲ್ಲಿಯೇ ಮಾಡಿ, ಕಣ್ಣಿಗೆ ಮುಚ್ಚುಗನ್ನಡಕವನ್ನೂ ಕೈಗೆ ರಬ್ಬರಿನ ಚೀಲಗಳನ್ನೂ ಧರಿಸಿ, ಗಾಳಿ ಬೀಸಿ ಬರುವ ಕಡೆಯಲ್ಲಿ ನಿಂತು ಮುಚ್ಚಳ ತೆರೆಯತಕ್ಕದ್ದು. ಮಕ್ಕಳನ್ನೂ ದನಗಳನ್ನೂ ದೂರವಿರಿಸಬೇಕು. ಬ್ಲೀಚಿಂಗ್ ಪುಡಿಯನ್ನು ಇದರೊಡನೆ ಎಂದಿಗೂ ಬೆರೆಸಕೂಡದು, ವಿಷವಾಯು ಹುಟ್ಟುವುದು. ಕಣ್ಣಿಗೆ ಸಿಡಿದರೆ ಒಡನೆಯೇ ಕಾಲು ಗಂಟೆಗೆ ಕಡಿಮೆಯಿಲ್ಲದಂತೆ ತಿಳಿನೀರಿನಿಂದ ತೊಳೆದು ವೈದ್ಯರಲ್ಲಿಗೆ ಹೋಗತಕ್ಕದ್ದು.

ಕಡೆಯದಾಗಿ ಒಂದು ಮಾತು. ಬಣ್ಣಕ್ಕಾಗಿ ಹಣ ಕೊಟ್ಟು ತರುವ ಈ ಅಮೋನಿಯಾ ನಮ್ಮ ಕೊಟ್ಟಿಗೆಗಳಿಂದ ದಿನವೂ ವ್ಯರ್ಥವಾಗಿ ಹಾರಿಹೋಗುತ್ತಿದೆ. ಅದರೊಡನೆ ಹೋಗುವುದು ಬೆಳೆಗೆ ಬೇಕಾದ ಸಾರಜನಕವೇ. ದನದ ಕಾಲಡಿಗೆ ಒಣಮಣ್ಣು, ಹುಲ್ಲು, ತರಗೆಲೆಗಳನ್ನು ಹರಡಿ, ಗಂಜಲವನ್ನು ಹೀರಿಸಿ, ಗೊಬ್ಬರದ ಗುಂಡಿಗೆ ಸೇರಿಸಿ ಮಣ್ಣು ಮುಚ್ಚುವುದು ಮೇಲು. ಗ್ರಾಮದ ಮುಖಂಡರು ಇದನ್ನು ಮೊದಲು ತಮ್ಮ ಕೊಟ್ಟಿಗೆಯಲ್ಲಿ ನಡೆಸಿ ತೋರಿಸಿದರೆ ಉಳಿದ ರೈತರೂ ಅನುಸರಿಸುವರು.