ಸೂರಿನ ಹಳಿಯೂ ಅದರ ಬೆಲೆಯೂ

ಹಾಸಿಗೆಗೂ ಅದರ ಪಕ್ಕದಲ್ಲಿ ತಂದು ನಿಲ್ಲಿಸಿದ ಗಾಲಿಕುರ್ಚಿಗೂ ನಡುವಣ ದೂರ ಒಂದೆರಡು ಮೊಳಕ್ಕಿಂತ ಹೆಚ್ಚಾಗಿರುವುದಿಲ್ಲ. ಆದರೆ ಸ್ವಂತ ಕಾಲ ಮೇಲೆ ನಿಲ್ಲಲಾರದ ಗಂಡನನ್ನೋ, ಬೆಳೆದ ಮಗಳನ್ನೋ, ಮುಪ್ಪಿನ ತಾಯಿಯನ್ನೋ ಆ ಒಂದೆರಡು ಮೊಳ ದಾಟಿಸುವ ಕಾರ್ಯವನ್ನು ದಿನಕ್ಕೆ ಆರೇಳು ಬಾರಿ, ಹಬ್ಬವೆನ್ನದೆ ಹುಣ್ಣಿಮೆಯೆನ್ನದೆ, ವರ್ಷಾನುವರ್ಷ ನಡೆಸಿಕೊಂಡು ಬಂದವರಿಗೆ ಆ ದೂರವೆಷ್ಟೆಂಬುದನ್ನು ಅವರ ಸೊಂಟವೇ ಹೇಳಬೇಕು. ಇಂಥವರ ಉಪಯೋಗಕ್ಕಾಗಿ ಇಂಗ್ಲೆಂಡಿನ ಮನೆಗಳಲ್ಲಿ ಅಳವಡಿಸುವ ಸಾಧನಗಳಲ್ಲಿ ಸೀಲಿಂಗ್ ಹಾಯ್ಸ್ಟ್ ಎಂಬುದೊಂದು. ಅದಕ್ಕೆ ತಗಲುವ ವೆಚ್ಚವೆಷ್ಟು, ಆ ವೆಚ್ಚ ಎಲ್ಲೆಲ್ಲಿ ಅಡಗಿ ಕುಳಿತಿರುತ್ತದೆ, ಅದನ್ನು ಹೊರುವವರಾರು ಎಂಬುದು ತೋರಿಕೆಗೆ ಒಣ ಲೆಕ್ಕವಾದರೂ, ಒಂದು ಸಮಾಜ ತನ್ನ ಅಶಕ್ತರನ್ನು ಹೇಗೆ ನಡೆಸಿಕೊಳ್ಳುತ್ತದೆಂಬ ವಿಷಯವೂ ಅದರೊಳಗೆ ಸೇರಿಕೊಂಡಿದೆ.

ಯಂತ್ರದ ರಚನೆ ಸರಳವಾದುದೇ. ಕೋಣೆಯ ನೆತ್ತಿಗೆ ಬಿಗಿದ ಅಲ್ಯೂಮಿನಿಯಮ್ ಹಳಿ, ಹಳಿಯಲ್ಲಿ ಜಾರುವ ಬ್ಯಾಟರಿಯ ಮೋಟಾರು, ಮೋಟಾರಿನಿಂದ ಇಳಿಬಿದ್ದ ಗಟ್ಟಿ ಪಟ್ಟಿ, ಪಟ್ಟಿಯ ತುದಿಯಲ್ಲೊಂದು ಅಡ್ಡಕೋಲು, ಅದರ ಕೊಕ್ಕೆಗಳಿಗೆ ತಗುಲಿಸುವ ಬಟ್ಟೆಯ ಜೋಲಿ: ಇಷ್ಟೇ. ಜೋಲಿಯೆಂದೊಡನೆ ನಮ್ಮ ಕಣ್ಮುಂದೆ ಬರುವುದು ಎಳೆಗೂಸು. ಇಲ್ಲಿಯಾದರೋ ಅದರಲ್ಲಿ ಕುಳಿತವರು ಪ್ರಾಯಸ್ಥರು, ಮತ್ತು ಇನ್ನೂರು ಕಿಲೋ ಭಾರವನ್ನು ಎತ್ತಬಲ್ಲ ಯಂತ್ರಗಳು ಸಾಮಾನ್ಯವಾಗಿ ದೊರೆಯುತ್ತವೆ. ಗುಂಡಿಯೊತ್ತಿದರೆ ದೇಹ ಹಾಸಿಗೆಯಿಂದ ಮೇಲೇಳುತ್ತದೆ; ಒಂದು ಕೈಯಿಂದ ಮೆಲ್ಲನೆ ನೂಕಿದರೆ ಕುರ್ಚಿಯ ಮೇಲಕ್ಕೆ ತೇಲಿ ಬರುತ್ತದೆ. ನೆಲದ ಮೇಲೆ ಉರುಳುವ ಹಾಯ್ಸ್ಟುಗಳೂ ಉಂಟು, ಅವು ಅಗ್ಗವೂ ಹೌದು. ಆದರೆ ಇಂಗ್ಲೆಂಡಿನ ಇಕ್ಕಟ್ಟಾದ ಮಲಗುವ ಕೋಣೆಯಲ್ಲಿ, ಅದರಲ್ಲೂ ಜಮಖಾನೆ ಹಾಸಿದ ನೆಲದ ಮೇಲೆ, ತೂಗಾಡುವ ಮನುಷ್ಯನ ಸಮೇತ ಅವನ್ನು ತಿರುಗಿಸಲು ಹೊರಟರೆ ಉಳಿಸಬೇಕೆಂದ ಸೊಂಟವೇ ಮತ್ತೆ ಉಳುಕುವ ಸಂಭವವುಂಟು.

ಬೆಲೆಯ ಮಾತಿಗೆ ಬರೋಣ. ಹಾಸಿಗೆಯ ಮೇಲೆ ನೇರವಾಗಿ ಹಾಯುವ ಒಂದೇ ಹಳಿಯಾದರೆ ಯಂತ್ರ ಮತ್ತು ಜೋಡಣೆ ಸೇರಿ ಸುಮಾರಾಗಿ ಎರಡರಿಂದ ಮೂರು ಸಾವಿರ ಪೌಂಡು. ಎರಡು ಸಮಾನಾಂತರ ಹಳಿಗಳ ನಡುವೆ ಮೂರನೆಯದೊಂದು ಅತ್ತಿತ್ತ ಓಡಾಡಿ ಕೋಣೆಯ ಯಾವ ಮೂಲೆಗಾದರೂ ಒಯ್ಯಬಲ್ಲ ವ್ಯವಸ್ಥೆಯಾದರೆ ನಾಲ್ಕೈದು ಸಾವಿರ. ಪೌಂಡಿಗೆ ನೂರು ರೂಪಾಯಿಗೂ ಮೇಲೆ ತೆರಬೇಕಾದ ಈ ದಿನಗಳಲ್ಲಿ ನಮಗೆ ಅದು ಲಕ್ಷಗಳ ಬಾಬತ್ತು. ಅಂಗವಿಕಲರ ಸ್ವಂತ ಬಳಕೆಗಾಗಿ ಕೊಳ್ಳುವ ಹಾಯ್ಸ್ಟಿನ ಮೇಲೆ ಅಲ್ಲಿ ಶೇಕಡಾ 20ರ ಮೌಲ್ಯವರ್ಧಿತ ತೆರಿಗೆಯನ್ನು ಹಾಕುವುದಿಲ್ಲ. ನಾಲ್ಕು ಸಾವಿರದ ಸಾಮಾನಿನ ಮೇಲೆ ಎಂಟುನೂರು ಪೌಂಡು ಉಳಿಯುವ ಈ ಸೌಲಭ್ಯಕ್ಕೆ ಒಂದು ಘೋಷಣಾಪತ್ರವನ್ನು ತುಂಬಿ ಮಾರುವವನಿಗೆ ಕೊಟ್ಟರೆ ಸಾಕು.

ಆದರೆ ಈ ವ್ಯವಹಾರದಲ್ಲಿ ಅಳತೆಗೆ ಸಿಕ್ಕದ ಖರ್ಚೆಲ್ಲ ಮೋಟಾರಿನಲ್ಲಿಲ್ಲ, ಸೂರಿನಲ್ಲಿದೆ. ಕಾಂಕ್ರೀಟಿನ ಗಟ್ಟಿ ತಾರಸಿಗೆ ಪಂಖದ ಕೊಕ್ಕೆಯನ್ನು ತೂಗುಹಾಕಿ ಬೆಳೆದ ನಮಗೆ ಇದು ಬೇಗ ಹೊಳೆಯುವುದಿಲ್ಲ. ಇಂಗ್ಲೆಂಡಿನ ಸಾಮಾನ್ಯ ಮನೆಯಲ್ಲಿ ನೆತ್ತಿಯ ಮೇಲೆ ಕಾಣುವುದು ಜಿಪ್ಸಮ್ಮಿನ ತೆಳು ಹಲಗೆ, ಇಲ್ಲವೇ ಹಳೆಯ ಕಾಲದ ಮರದ ಪಟ್ಟಿಯ ಮೇಲೆ ಮೆತ್ತಿದ ಗಾರೆ. ಅದರ ಹಿಂದೆ ಮರದ ಜಂತೆಗಳು. ವಿಕ್ಟೋರಿಯಾ ರಾಣಿಯ ಕಾಲದ ಮನೆಯ ಜಂತೆ ನೂರು ವರ್ಷ ಹುಳು ತಿಂದಿರಬಹುದು. ಇತ್ತೀಚಿನ ಮನೆಗಳ ಮೇಲಂತಸ್ತಿನಲ್ಲಾದರೆ ಛಾವಣಿಯ ತ್ರಿಕೋನಾಕಾರದ ಕಟ್ಟುಗಳ ಕೆಳಗಣ ಮರ ಹಲಗೆಯನ್ನೂ ಅಟ್ಟದ ನಾಲ್ಕು ಪೆಟ್ಟಿಗೆಗಳನ್ನೂ ಹೊರಲೆಂದು ಮಾಡಿದ್ದೇ ಹೊರತು ಜೀವಂತ ಮನುಷ್ಯನನ್ನಲ್ಲ. ಆದುದರಿಂದ ಇಂಜಿನಿಯರು ಬಂದು ನೋಡಬೇಕು; ಅಡ್ಡತೊಲೆಗಳನ್ನು ಕೊಟ್ಟು ಬಲಪಡಿಸಬೇಕು; ಅದೂ ಆಗದಿದ್ದಲ್ಲಿ ಭಾರವನ್ನು ಗೋಡೆಗೋ ನೆಲದ ಮೇಲೆ ನಿಂತ ಕಂಬಗಳಿಗೋ ವರ್ಗಾಯಿಸಬೇಕು. 2000ಕ್ಕಿಂತ ಹಿಂದಿನ ಮನೆಯ ಸೂರಿಗೆ ಬಳಿದ ಗೀರುಗೀರಾದ ಲೇಪನದಲ್ಲಿ ಕಲ್ನಾರು ಬೆರೆತಿರುವುದುಂಟಾದ್ದರಿಂದ, ಪರೀಕ್ಷೆ ಮಾಡಿಸದೆ ಅಲ್ಲಿ ತೂತು ಕೊರೆಯುವುದು ಶ್ವಾಸಕೋಶಕ್ಕೆ ಅಪಾಯವನ್ನು ಆಹ್ವಾನಿಸಿದಂತೆ. ಇನ್ನು ಹಳಿ ಮಲಗುವ ಕೋಣೆಯಿಂದ ನೇರವಾಗಿ ಸ್ನಾನದ ಮನೆಗೆ ಹೋಗಬೇಕೆಂದರೆ ಬಾಗಿಲ ಮೇಲಿನ ಗೋಡೆಯನ್ನು ಕೊಯ್ಯಬೇಕು, ಬಾಗಿಲನ್ನು ಹೊಸದಾಗಿ ಸೂರಿನವರೆಗೆ ಎತ್ತರಿಸಬೇಕು. ಬಡಗಿಯ ಲೆಕ್ಕ ಯಂತ್ರದ ಲೆಕ್ಕವನ್ನು ಮೀರುವುದು ಇಲ್ಲಿಯೇ.

ಈ ಎಲ್ಲವನ್ನೂ ಕುಟುಂಬದ ತಲೆಗೇ ಕಟ್ಟಲಾಗಿಲ್ಲವೆಂಬುದು ಸಮಾಧಾನದ ಸಂಗತಿ. 1996ರ ಶಾಸನವೊಂದರ ಮೇರೆಗೆ ಇಂಗ್ಲೆಂಡಿನ ಸ್ಥಳೀಯ ಸಂಸ್ಥೆಗಳು ಅರ್ಹರಾದ ಅಂಗವಿಕಲರಿಗೆ ಮನೆ ಮಾರ್ಪಾಟಿನ ಅನುದಾನವನ್ನು ಕೊಡಲೇಬೇಕು. 2008ರಿಂದ ಅದರ ಗರಿಷ್ಠ ಮಿತಿ 30,000 ಪೌಂಡು. ಅಪ್ರಾಪ್ತ ವಯಸ್ಸಿನ ಮಗುವಿಗಾಗಿ ಕೇಳಿದಲ್ಲಿ ತಂದೆತಾಯಿಗಳ ಆದಾಯವನ್ನು ವಿಚಾರಿಸುವುದಿಲ್ಲ. ವಯಸ್ಕರಾದರೆ ಅವರದೂ ಅವರ ಬಾಳಸಂಗಾತಿಯದೂ ಆದಾಯ ಉಳಿತಾಯಗಳನ್ನು ತೂಗಿ ನೋಡುತ್ತಾರೆ. ಮಗುವಿಗೆ ಹದಿನೆಂಟು ತುಂಬಿದೊಡನೆ ಅದರ ಭಾರವೇನೂ ಕಡಮೆಯಾಗುವುದಿಲ್ಲವೆಂಬುದನ್ನು ನಿಯಮ ರಚಿಸಿದವರು ಗಮನಿಸಿದರೋ ಇಲ್ಲವೋ! ದಿನನಿತ್ಯದ ಕೆಲಸಗಳಿಗೆ ಅನುಕೂಲ ಮಾಡಿಕೊಡುವ ತಜ್ಞರಾದ ಆಕ್ಯುಪೇಷನಲ್ ಥೆರಪಿಸ್ಟರು ಮನೆಗೆ ಬಂದು ಅಗತ್ಯವನ್ನು ಬರೆದುಕೊಳ್ಳುವುದು ಮೊದಲ ಮೆಟ್ಟಿಲು. ಪೂರ್ಣವಾದ ಅರ್ಜಿ ಕೈಸೇರಿದ ಆರು ತಿಂಗಳೊಳಗೆ ಸಂಸ್ಥೆ ತನ್ನ ತೀರ್ಮಾನವನ್ನು ತಿಳಿಸಬೇಕು. ಆದರೆ ಥೆರಪಿಸ್ಟರ ಭೇಟಿಗಾಗಿ ಕಾದ ತಿಂಗಳುಗಳು ಆ ಆರರಲ್ಲಿ ಸೇರವು. ಸಹನೆ ಕಳೆದುಕೊಂಡು ಮಂಜೂರಾತಿಗೆ ಮುಂಚೆಯೇ ಕೆಲಸ ಆರಂಭಿಸಿದವರಿಗೆ ಸಾಮಾನ್ಯವಾಗಿ ಅನುದಾನ ಸಿಕ್ಕುವುದಿಲ್ಲ. ಈ ವಿಷಯದಲ್ಲಿ ಸಹನೆಗೂ ಒಂದು ಬೆಲೆಯುಂಟು, ಅದನ್ನು ತೆರುವುದು ಎತ್ತುವವರ ಬೆನ್ನು.

ಯಂತ್ರವೇ ಬೇಡವೆಂದವರೂ ಇದ್ದಾರೆ. ತೀವ್ರ ಅಂಗವೈಕಲ್ಯವಿದ್ದ ಇಬ್ಬರು ಸೋದರಿಯರನ್ನು ಕೈಯಿಂದಲೇ ಎತ್ತಬೇಕೆಂದು ತಂದೆತಾಯಿಗಳೂ, ನೌಕರರ ಸುರಕ್ಷತೆ ಮುಖ್ಯವೆಂದು ಈಸ್ಟ್ ಸಸೆಕ್ಸ್ ಆಡಳಿತವೂ ವಾದಿಸಿದ ಮೊಕದ್ದಮೆಯಲ್ಲಿ, 2003ರಲ್ಲಿ ತೀರ್ಪಿತ್ತ ನ್ಯಾಯಮೂರ್ತಿ ಮನ್ಬಿಯವರು ಹಾಯ್ಸ್ಟಿನಲ್ಲಿ ಎತ್ತಿಸಿಕೊಳ್ಳುವುದು ಸ್ವತಃ ಮಾನಹಾನಿಯಲ್ಲವೆಂದೂ, ಹಾಗೆಂದು ಮನುಷ್ಯ ಮನುಷ್ಯನನ್ನು ಎತ್ತಲೇಕೂಡದೆಂಬ ನಿರ್ಬಂಧವೂ ಸಲ್ಲದೆಂದೂ ಅಭಿಪ್ರಾಯಪಟ್ಟರು.

ಹಳಿ ಬಿಗಿದ ಮಾತ್ರಕ್ಕೆ ವೆಚ್ಚ ಮುಗಿಯಿತೆಂದು ಭಾವಿಸಲಾಗದು. ಸಂಬಳದ ಆರೈಕೆದಾರರು ಬಳಸುವ ಎಡೆಯಲ್ಲಿ, ಎತ್ತುವ ಸಾಧನಗಳ ಸುರಕ್ಷತೆಯ ಕುರಿತ 1998ರ ನಿಯಮಗಳಂತೆ ಆರು ತಿಂಗಳಿಗೊಮ್ಮೆ ತಜ್ಞರು ಯಂತ್ರವನ್ನೂ ಜೋಲಿಯನ್ನೂ ಪರೀಕ್ಷಿಸಬೇಕು. ಮನೆಯವರೇ ಬಳಸುವುದಾದರೆ ಆ ಕಟ್ಟಳೆ ತಾಗದಾದರೂ ಹೊಲಿಗೆ ಬಿಚ್ಚಿದ ಜೋಲಿಗೆ ಎತ್ತುವವರು ಯಾರೆಂಬ ಭೇದ ತಿಳಿಯದಷ್ಟೆ. ಬ್ಯಾಟರಿ ಸೋಲುತ್ತದೆ, ಪಟ್ಟಿ ಸವೆಯುತ್ತದೆ, ಮಗು ಬೆಳೆದಂತೆ ಜೋಲಿ ಚಿಕ್ಕದಾಗುತ್ತದೆ. ಒಂದನ್ನು ಒಗೆಯಲು ಹಾಕಿದಾಗ ಬಳಸಲು ಎರಡನೆಯದೊಂದು ಜೋಲಿಯೂ ಬೇಕಾಗುತ್ತದೆ. ಖಾತರಿಯ ಅವಧಿ ಕಳೆದ ಮೇಲೆ ರಿಪೇರಿ ಯಾರ ಪಾಲಿಗೆಂಬುದನ್ನು ಮೊದಲೇ ಬರೆಸಿಕೊಳ್ಳದವರು ಮೋಟಾರು ಅರ್ಧದಲ್ಲಿ ನಿಂತ ರಾತ್ರಿ ಕಾಗದಪತ್ರ ಹುಡುಕಬೇಕಾದೀತು.

ಮಾರಹೊರಟರೆ ಈ ಸಾಧನಕ್ಕೆ ಬೆಲೆಯೂ ಬಾರದು. ಮೋಟಾರನ್ನು ಬಿಚ್ಚಿ ಸರಿಪಡಿಸಿ ಇನ್ನೊಂದು ಮನೆಗೆ ಒಯ್ಯಬಹುದು. ಹಳಿಯನ್ನಾದರೋ ಆ ಒಂದು ಕೋಣೆಯ ಅಳತೆಗೆ, ಆ ಒಬ್ಬರ ಹಾಸಿಗೆಯಿದ್ದ ಜಾಗಕ್ಕೆ ಕತ್ತರಿಸಿರುತ್ತಾರೆ. ಎಷ್ಟೋ ಮನೆಗಳಲ್ಲಿ ಅದು ಮಲಗಿದ್ದವರು ಇಲ್ಲವಾದ ಮೇಲೆಯೂ ಸೂರಿನಲ್ಲಿಯೇ ಉಳಿದಿರುತ್ತದೆ, ಮತ್ತು ಮನೆ ಕೊಳ್ಳಲು ಬಂದವರು ತಲೆಯೆತ್ತಿ ನೋಡಿ ಇದೇನೆಂದು ಕೇಳುತ್ತಾರೆ.