ನಿಮಗಿದು ಗೊತ್ತೇ? ಕಂಪ್ಯೂಟರಿಗೂ ಇದೆ ದುಗುನ್, ಚೌಗುನ್!

ನಿಮ್ಮ ಎದೆ ನಿಮಿಷಕ್ಕೆ 72 ಸಲ ಬಡಿಯುತ್ತದೆ ಅಂದುಕೊಳ್ಳಿ. ನಿಮ್ಮ ಮೇಜಿನ ಮೇಲಿನ 4 ಗಿಗಾಹರ್ಟ್ಸ್ ಪ್ರೊಸೆಸರ್ ಒಂದೇ ಸೆಕೆಂಡಿನಲ್ಲಿ 400 ಕೋಟಿ ಸಲ ಮಿಡಿಯುತ್ತದೆ. ಅಷ್ಟು ಸಲ ಬಡಿಯಲು ನಿಮ್ಮ ಎದೆಗೆ ಎಷ್ಟು ಕಾಲ ಬೇಕು ಹೇಳಿ ನೋಡೋಣ? ಸುಮಾರು 105 ವರ್ಷ! ಪ್ರೊಸೆಸರಿನ ಒಂದು ಸೆಕೆಂಡು ಅಂದರೆ ನಮ್ಮ ತುಂಬು ಆಯುಷ್ಯ!

ಬೆಳಕು ಸೆಕೆಂಡಿಗೆ 3 ಲಕ್ಷ ಕಿಲೋಮೀಟರ್ ಓಡುತ್ತದೆ, ಸರಿ. ಆದರೆ ಈ ಪ್ರೊಸೆಸರಿನ ಒಂದು ಮಿಡಿತ ಮುಗಿಯುವುದರೊಳಗೆ ಅದೇ ಬೆಳಕು ಸಾಗುವುದು ಬರೀ ಏಳೂವರೆ ಸೆಂಟಿಮೀಟರ್. ನಿಮ್ಮ ನಡುಬೆರಳಿನಷ್ಟು ದೂರ!

ಈ ಮಿಡಿತವನ್ನು ಕಾರ್ಖಾನೆ ಗೊತ್ತುಮಾಡಿದ್ದಕ್ಕಿಂತ ಜೋರು ಮಾಡುವುದಕ್ಕೇ ಓವರ್‌ಕ್ಲಾಕಿಂಗ್ ಎನ್ನುತ್ತಾರೆ. ಹೊಸ ಯಂತ್ರ ಕೊಳ್ಳದೆ ಹಳೆಯದರಿಂದಲೇ ಹೆಚ್ಚು ವೇಗ ಪಡೆಯುವ ವಿದ್ಯೆ ಇದು. ಇದನ್ನು ಕಲಿಯಲು ಗದಗ-ಬೆಟಗೇರಿಯವರಿಗೆ ಇರುವಷ್ಟು ಅನುಕೂಲ ಯಾರಿಗೂ ಇಲ್ಲ. ಯಾಕೆ ಅಂತೀರಾ?

ತಬಲಾ! ಮದರ್‌ಬೋರ್ಡ್ ಹಾಕಿಕೊಡುವ ಮೂಲ ತಾಳ ಬರೀ 100 ಮೆಗಾಹರ್ಟ್ಸ್. ಪ್ರೊಸೆಸರ್ ಅದನ್ನು 40 ಪಟ್ಟು, 50 ಪಟ್ಟು ಮಾಡಿಕೊಂಡು ಓಡುತ್ತದೆ. ನೂರನ್ನು ಐವತ್ತರಿಂದ ಗುಣಿಸಿದರೆ 5 ಗಿಗಾಹರ್ಟ್ಸ್. ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ತಬಲಾ ಕಲಿಯುವ ಹುಡುಗನನ್ನು ಕೇಳಿ ನೋಡಿ. ಠೇಕಾ ಅದೇ, ಅದನ್ನು ಎರಡು, ಮೂರು, ನಾಲ್ಕು ಪಟ್ಟು ವೇಗದಲ್ಲಿ ನುಡಿಸುವ ದುಗುನ್, ತಿಗುನ್, ಚೌಗುನ್ ಮಾತ್ರ ಬೇರೆ ಬೇರೆ. ಪ್ರೊಸೆಸರ್ ನುಡಿಸುವುದು ಐವತ್ತರ ಗುನ್!

ರ‍್ಯಾಮ್ ಕತೆ ಇನ್ನೂ ಚೆಂದ. ಡಿಡಿಆರ್ ಎಂಬ ಹೆಸರಿನ ಅರ್ಥವೇ ದುಗುನ್! ತಾಳ ಏರುವಾಗ ಒಂದು ಸಲ, ಇಳಿಯುವಾಗ ಇನ್ನೊಂದು ಸಲ ಮಾಹಿತಿ ಕಳಿಸುತ್ತದೆ. ಡಬ್ಬಿಯ ಮೇಲೆ 3200 ಎಂದು ಬರೆದ ರ‍್ಯಾಮಿನ ನಿಜವಾದ ತಾಳ 1600 ಮೆಗಾಹರ್ಟ್ಸ್ ಅಷ್ಟೇ.

ಈಗ ಎದೆ ಗಟ್ಟಿ ಮಾಡಿಕೊಳ್ಳಿ. ನೀವು ಹೆಚ್ಚು ಹಣ ಕೊಟ್ಟು ತಂದ 3200ರ ಗೇಮಿಂಗ್ ರ‍್ಯಾಮ್ ನಿಮ್ಮ ಮನೆಯಲ್ಲಿ 2400ಕ್ಕೋ 2666ಕ್ಕೋ ತೆವಳುತ್ತಿರಬಹುದು! ಡಿಡಿಆರ್5 ಆದರೆ 6000ದ ರ‍್ಯಾಮ್ ಎಷ್ಟೋ ಸಲ 4800ರಲ್ಲೇ ನಿಂತುಬಿಡುತ್ತದೆ. ಕಂಪ್ಯೂಟರ್ ಹೊತ್ತಿಸಿದೊಡನೆ ತೆರೆಯಬಹುದಾದ ಸೆಟ್ಟಿಂಗ್ ಪರದೆಯಾದ ಬಯೋಸ್‌ಗೆ ಹೋಗಿ ಎಕ್ಸ್‌ಎಂಪಿ ಅಥವಾ ಎಕ್ಸ್‌ಪೋ ಎಂಬ ಒಂದೇ ಒಂದು ಸ್ವಿಚ್ ಹಾಕುವ ತನಕ ಅದು ಪೂರ್ತಿ ವೇಗಕ್ಕೆ ಬರುವುದೇ ಇಲ್ಲ. ಇದೂ ಓವರ್‌ಕ್ಲಾಕಿಂಗ್ ಲೆಕ್ಕಕ್ಕೇ ಸೇರುತ್ತದೆ. ಕಲಿಯುವವರ ಮೊದಲ ಪಾಠ ಇದೇ ಆಗಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ರ‍್ಯಾಮಿನ ಇನ್ನೊಂದು ಗುಟ್ಟು. ಸಿಎಲ್16 ಎಂದರೆ ಕೇಳಿದ ಮೇಲೆ ಉತ್ತರ ಬರಲು 16 ತಾಳ ಕಾಯಬೇಕು ಎಂದು. 3200ರ ರ‍್ಯಾಮಿನಲ್ಲಿ ಹಾಗೆ ಕಾಯುವ ಹೊತ್ತು 10 ನ್ಯಾನೊಸೆಕೆಂಡ್. 6000ದ ಸಿಎಲ್30 ರ‍್ಯಾಮಿನಲ್ಲಿ? ಅದೂ 10! ಇಪ್ಪತ್ತು ವರ್ಷ ಹಿಂದಿನ 400ರ ಸಿಎಲ್2 ರ‍್ಯಾಮಿನಲ್ಲಿ? ಅಲ್ಲೂ 10! ವೇಗ ಹದಿನೈದು ಪಟ್ಟು ಏರಿದೆ, ಮೊದಲ ಉತ್ತರಕ್ಕೆ ಕಾಯುವ ಹೊತ್ತು ಒಂದಿಷ್ಟೂ ಇಳಿದಿಲ್ಲ. ಹಾಗಾಗಿ ರ‍್ಯಾಮ್ ಕೊಳ್ಳುವಾಗ ದೊಡ್ಡ ಸಂಖ್ಯೆಯನ್ನು ಮಾತ್ರ ನೋಡಬೇಡಿ, ಸಿಎಲ್ ಎಷ್ಟೆಂದೂ ಕೇಳಿ.

ರ‍್ಯಾಮಿಗೆ ಮರೆವಿನ ರೋಗ ಇದೆ, ಗೊತ್ತೇ? 8 ಜಿಬಿ ರ‍್ಯಾಮಿನಲ್ಲಿ 6,800 ಕೋಟಿಗೂ ಹೆಚ್ಚು ಪುಟಾಣಿ ಕೋಶಗಳಿವೆ. ಒಂದೊಂದರಲ್ಲೂ ಚಿಟಿಕೆಯಷ್ಟು ವಿದ್ಯುತ್ತು. ಅದು ಸೋರುತ್ತಲೇ ಇರುತ್ತದೆ! ಅದಕ್ಕೇ ಡಿಡಿಆರ್4 ತನ್ನ ಅಷ್ಟೂ ಕೋಶಗಳನ್ನು ಸೆಕೆಂಡಿಗೆ ಹದಿನೈದು ಸಲ ಮತ್ತೆ ತುಂಬಿಸಿಕೊಳ್ಳುತ್ತದೆ. ಬಿಸಿ 85 ಡಿಗ್ರಿ ದಾಟಿದರೆ ಸೋರಿಕೆ ಇನ್ನೂ ಜಾಸ್ತಿ. ಆಗ ಅದರ ಎರಡು ಪಟ್ಟು ಸಲ ತುಂಬಿಸಬೇಕು!

ಕುಮಾರವ್ಯಾಸನ ಭಾರತದಲ್ಲಿ ಎಂಟು ಸಾವಿರಕ್ಕೂ ಮಿಕ್ಕಿ ಷಟ್ಪದಿಗಳಿವೆ. ಕಂಪ್ಯೂಟರಿನಲ್ಲಿ ಸಾಮಾನ್ಯವಾಗಿ ಇಂಗ್ಲಿಷಿನ ಒಂದು ಅಕ್ಷರಕ್ಕೆ ಒಂದು ಬೈಟ್ ಸಾಕು, ನಮ್ಮ ಕನ್ನಡದ ‘ಕ’ಗೆ ಮೂರು ಬೈಟ್ ಬೇಕು! ಹಾಗಿದ್ದರೂ 3200ರ ರ‍್ಯಾಮ್ ಇಡೀ ಭಾರತವನ್ನು ಸೆಕೆಂಡಿನ ಸಾವಿರದ ಒಂದು ಪಾಲಿಗಿಂತ ಕಡಿಮೆ ಹೊತ್ತಿನಲ್ಲಿ ದಾಟಿಸಿಬಿಡುತ್ತದೆ. ಕಣ್ಣು ಮಿಟುಕಿಸಲೂ ಇದಕ್ಕಿಂತ ಹೆಚ್ಚು ಹೊತ್ತು ಬೇಕು!

ಕುಮಾರವ್ಯಾಸನ ಹೆಸರು ಬಂತಲ್ಲ, ಒಂದು ನಿಮಿಷ ನಿಲ್ಲಿ. ಕೋಳಿವಾಡದ ನಾರಣಪ್ಪ ಸ್ನಾನ ಮಾಡಿ, ಒದ್ದೆ ಬಟ್ಟೆಯಲ್ಲೇ ಗದುಗಿನ ವೀರನಾರಾಯಣನ ಗುಡಿಯಲ್ಲಿ ಕೂತು ಬರೆಯುತ್ತಿದ್ದ, ಬಟ್ಟೆ ಒಣಗುವ ತನಕ ಕಾವ್ಯ ಹರಿಯುತ್ತಿತ್ತು ಎಂಬ ಪ್ರತೀತಿ ನಮ್ಮ ಕಡೆ ಮಕ್ಕಳಿಗೂ ಗೊತ್ತು. ಆ ಒದ್ದೆ ಬಟ್ಟೆ ನಿಮ್ಮ ಕಂಪ್ಯೂಟರಿನೊಳಗೂ ಇದೆ ಎಂದರೆ ನಂಬುತ್ತೀರಾ?

ನಂಬಿ! ಪ್ರೊಸೆಸರಿನ ಮೇಲೆ ಕೂಡಿಸುವ ದೊಡ್ಡ ಕೂಲರಿನಲ್ಲಿ ತಾಮ್ರದ ಕೊಳವೆಗಳಿರುತ್ತವೆ. ಅವು ಗಟ್ಟಿ ತಾಮ್ರವಲ್ಲ. ಒಳಗೆ ಟೊಳ್ಳು. ಗಾಳಿಯನ್ನೆಲ್ಲ ಹೊರಗೆಳೆದು ನಾಲ್ಕಾರು ಹನಿ ನೀರು ಹಾಕಿ ಮುಚ್ಚಿರುತ್ತಾರೆ. ಗಾಳಿಯ ಒತ್ತಡ ಇಲ್ಲದ್ದರಿಂದ ಆ ನೀರು ಸ್ವಲ್ಪ ಬಿಸಿಗೇ ಆವಿಯಾಗುತ್ತದೆ. ಆವಿ ಬಿಸಿಯನ್ನು ಹೊತ್ತು ಮೇಲಕ್ಕೆ ಓಡುತ್ತದೆ. ರೆಕ್ಕೆಗಳ ಹತ್ತಿರ ತಣಿದು ಮತ್ತೆ ನೀರಾಗುತ್ತದೆ. ಕೊಳವೆಯ ಒಳಗೋಡೆ ಬತ್ತಿಯ ಹಾಗೆ ಆ ನೀರನ್ನು ಹೀರಿ ಕೆಳಕ್ಕೆ ತರುತ್ತದೆ. ಹಗಲೂ ರಾತ್ರಿ ಇದೇ ಓಟ. ಬಟ್ಟೆಯೇ ಒಣಗದ ಕುಮಾರವ್ಯಾಸ!

ಒಂದು ಗ್ರಾಂ ನೀರು ಕುದಿದು ಆವಿಯಾಗಲು ಎಷ್ಟು ಶಾಖ ನುಂಗುತ್ತದೆ ಗೊತ್ತೇ? ಅದೇ ನೀರನ್ನು ಮಂಜುಗಡ್ಡೆಯಷ್ಟು ತಣ್ಣಗಿರುವಲ್ಲಿಂದ ಕುದಿಯುವ ತನಕ ಕಾಯಿಸಲು ಬೇಕಾದದ್ದರ ಐದು ಪಟ್ಟಿಗೂ ಹೆಚ್ಚು. ಮನೆಯ ಮಣ್ಣಿನ ಹರವಿಯ ನೀರು ಮೇ ತಿಂಗಳಲ್ಲೂ ತಣ್ಣಗಿರುವುದು ಇದೇ ಪುಣ್ಯದಿಂದ!

ಹಾಗಂತ ಕೂಲರಿನ ಫ್ಯಾನು ಪ್ರೊಸೆಸರನ್ನು ಕೋಣೆಗಿಂತ ತಣ್ಣಗೆ ಮಾಡಲಾರದು. ಎಷ್ಟು ದೊಡ್ಡ ಫ್ಯಾನಾದರೂ ಅಷ್ಟೇ. ಕೋಣೆ 10 ಡಿಗ್ರಿ ಬಿಸಿಯಾದರೆ ಪ್ರೊಸೆಸರೂ ಹೆಚ್ಚು ಕಡಿಮೆ 10 ಡಿಗ್ರಿ ಏರುತ್ತದೆ. ಮಾಗಡಿ ಕೆರೆಗೆ ಹಿಮಾಲಯ ದಾಟಿ ಪಟ್ಟೆತಲೆ ಹೆಬ್ಬಾತುಗಳು ಬಂದಿಳಿಯುವ ಚಳಿಗಾಲದಲ್ಲಿ ಶಿರಹಟ್ಟಿಯ ಹುಡುಗನೊಬ್ಬ ಕೂಡಿಸಿದ ವೇಗ, ಏಪ್ರಿಲ್ ಹೊತ್ತಿಗೆ ಅದೇ ಯಂತ್ರದಲ್ಲಿ ಕುಸಿಯಬಹುದು. ಆದ್ದರಿಂದ ವೇಗವನ್ನು ಬೇಸಿಗೆಯ ನಡುಮಧ್ಯಾಹ್ನ ಪರೀಕ್ಷಿಸಿ. ಅಲ್ಲಿ ಪಾಸಾದರೆ ವರ್ಷವಿಡೀ ಪಾಸು!

ಇಂಟೆಲ್‌ನ ಎಷ್ಟೋ ಪ್ರೊಸೆಸರುಗಳು 100 ಡಿಗ್ರಿಯ ತನಕ ತಡೆದುಕೊಳ್ಳುತ್ತವೆ. ಗದಗ ಸಮುದ್ರಮಟ್ಟಕ್ಕಿಂತ ಸುಮಾರು 650 ಮೀಟರ್ ಎತ್ತರದಲ್ಲಿದೆ. ಇಲ್ಲಿ ನೀರು 98 ಡಿಗ್ರಿಗೇ ಕುದಿಯುತ್ತದೆ. ಅಂದರೆ ನಿಮ್ಮ ಚಹಾದ ನೀರು ಕುದಿದ ಮೇಲೂ ಪ್ರೊಸೆಸರ್ ಕೆಲಸ ಮಾಡುತ್ತಲೇ ಇರಬಲ್ಲದು! ಮಿತಿ ದಾಟಿತೋ, ಸುಟ್ಟುಹೋಗದಂತೆ ತಾನೇ ವೇಗ ಇಳಿಸಿಕೊಳ್ಳುತ್ತದೆ.

ಲಕ್ಷ್ಮೇಶ್ವರದ ಎರೆಹೊಲಗಳ ಹತ್ತಿ ನೋಡಲು ಚೆಂದ. ಆದರೆ ಅದರ ಎಳೆ, ಧೂಳು ಕೂಲರಿನ ರೆಕ್ಕೆಗಳಿಗೆ ಮೆತ್ತಿದರೆ ಕಂಬಳಿ ಹೊದಿಸಿದ ಹಾಗೇ ಸರಿ. ಬೆಟಗೇರಿಯ ಮಗ್ಗದ ಮನೆಗಳಲ್ಲಂತೂ ಹೇಳುವುದೇ ಬೇಡ. ಓವರ್‌ಕ್ಲಾಕಿಂಗಿಗೆ ಬೇಕಾದ ಮೊದಲ ಸಲಕರಣೆ ಒಂದು ಮೆತ್ತನೆಯ ಬ್ರಷ್!

ಹಳೆಯ ಕತೆಗಳೂ ಮಜವಾಗಿವೆ. 1984ರ ಐಬಿಎಂ ಪಿಸಿ ಎಟಿ ಬರೀ 6 ಮೆಗಾಹರ್ಟ್ಸಿನದು. ಜನ ಅದರೊಳಗಿನ ಸ್ಫಟಿಕವನ್ನೇ ಕಿತ್ತು ಬೇರೆಯದು ಕೂಡಿಸಿ 8ಕ್ಕೆ ಏರಿಸಿದರು. 1998ರ ಸೆಲೆರಾನ್ 300ಎ ಎಂಬ ಅಗ್ಗದ ಪ್ರೊಸೆಸರ್ 300ರಿಂದ 450 ಮೆಗಾಹರ್ಟ್ಸಿಗೆ ಸಲೀಸಾಗಿ ಜಿಗಿಯಿತು. ಒಂದೂವರೆ ಪಟ್ಟು!

ಅದಕ್ಕಿಂತ ವಿಚಿತ್ರ ಇಲ್ಲಿದೆ. 2000ದ ಸುಮಾರಿಗೆ ಬಂದ ಎಎಂಡಿಯ ಡ್ಯುರಾನ್, ಅಥ್ಲಾನ್ ಪ್ರೊಸೆಸರುಗಳಲ್ಲಿ ವೇಗದ ಪಟ್ಟು ಬದಲಿಸದಂತೆ ಹಾಕಿದ್ದ ಬೀಗ ತೆಗೆಯಲು ಬೇಕಾದದ್ದು ಏನು ಗೊತ್ತೇ? ಶಾಲೆಯ ಪೆನ್ಸಿಲ್! ಮೇಲಿನ ಪುಟ್ಟ ಚುಕ್ಕೆಗಳ ನಡುವೆ ಗೆರೆ ಎಳೆದರೆ ಸಾಕಿತ್ತು. ಪೆನ್ಸಿಲಿನ ಕಡ್ಡಿಯಲ್ಲಿ ವಿದ್ಯುತ್ತು ಹರಿಯುತ್ತದಲ್ಲ!

ಹಳೆಯ ಕಂಪ್ಯೂಟರುಗಳ ಟರ್ಬೋ ಗುಂಡಿ ನೆನಪಿದೆಯೇ? ಅದು ಇದ್ದದ್ದು ವೇಗ ತಗ್ಗಿಸಲಿಕ್ಕೆ! ಹೊಸ ಯಂತ್ರದಲ್ಲಿ ಹಳೆಯ ಆಟಗಳು ಆಡಲಾಗದಷ್ಟು ಜೋರಾಗಿ ಓಡುತ್ತಿದ್ದವು.

ಈಗ ಮುಂಡರಗಿಗೆ ಬನ್ನಿ. ದನದ ದವಾಖಾನೆಯಲ್ಲಿ ದಪ್ಪ ಗೋಡೆಯ ಒಂದು ಕ್ಯಾನು ನೋಡಿರುತ್ತೀರಿ. ಕೃತಕ ಗರ್ಭಧಾರಣೆಯ ವೀರ್ಯದ ಕಡ್ಡಿಗಳನ್ನು ಅದರಲ್ಲಿ ಇಡುತ್ತಾರೆ. ಒಳಗಿರುವುದು ದ್ರವ ಸಾರಜನಕ, ಸೊನ್ನೆಗಿಂತ 196 ಡಿಗ್ರಿ ಕೆಳಗೆ. ಜಗತ್ತಿನ ದೊಡ್ಡ ದೊಡ್ಡ ಓವರ್‌ಕ್ಲಾಕಿಂಗ್ ಸ್ಪರ್ಧೆಗಳಲ್ಲಿ ಪ್ರೊಸೆಸರಿನ ಮೇಲೆ ಸುರಿಯುವುದೂ ಅದನ್ನೇ! ಆಕಳ ಕರುವಿಗೂ ಕಂಪ್ಯೂಟರಿನ ದಾಖಲೆಗೂ ಒಂದೇ ಕ್ಯಾನು! ನೀವು ಮಾತ್ರ ಅದರ ತಂಟೆಗೆ ಹೋಗಬೇಡಿ. ಚರ್ಮ ಸುಡುತ್ತದೆ, ಮುಚ್ಚಿದ ಕೋಣೆಯಲ್ಲಿ ಉಸಿರನ್ನೇ ಕಟ್ಟಿಸುತ್ತದೆ.

ಅಷ್ಟು ಚಳಿಗೆ ಬೋರ್ಡಿನ ಮೇಲೆ ಮಂಜು ಕಟ್ಟುತ್ತದೆ, ನೀರು ಹನಿಯುತ್ತದೆ. ತಡೆಯಲು ಏನು ಮಾಡುತ್ತಾರೆ? ಇಡೀ ಮದರ್‌ಬೋರ್ಡಿಗೆ ವ್ಯಾಸಲೀನ್ ಬಳಿಯುತ್ತಾರೆ! ಹೌದು, ಒಡೆದ ತುಟಿಗೆ ಹಚ್ಚುವ ಅದೇ ವ್ಯಾಸಲೀನ್!

2011ರಲ್ಲಿ ಎಎಂಡಿಯ ಎಫ್‌ಎಕ್ಸ್ ಪ್ರೊಸೆಸರ್ 8.429 ಗಿಗಾಹರ್ಟ್ಸ್ ಮುಟ್ಟಿ ಗಿನ್ನೆಸ್ ಸೇರಿತು. 2022ರ ಡಿಸೆಂಬರಿನಲ್ಲಿ ಇಂಟೆಲ್‌ನ ಕೋರ್ ಐ9-13900ಕೆ ಮೊದಲ ಸಲ 9 ದಾಟಿತು. ಅದಕ್ಕೆ ಸಾರಜನಕ ಸಾಲದೆ ದ್ರವ ಹೀಲಿಯಂ ಸುರಿದರು, ಸೊನ್ನೆಗಿಂತ 269 ಡಿಗ್ರಿ ಕೆಳಗಿನದು! 2000ದಲ್ಲಿ ಪೆಂಟಿಯಂ 4 ತಂದಾಗ ಇಂಟೆಲ್ 10 ಗಿಗಾಹರ್ಟ್ಸ್ ಕನಸು ಕಂಡಿತ್ತು. ಅಂಗಡಿಗೆ ಬಂದ ಪೆಂಟಿಯಂ 4 ನಿಂತದ್ದು 3.8ರಲ್ಲಿ. ಬಿಸಿಯೇ ಅಡ್ಡ ಬಂತು!

ಈ ಪ್ರೊಸೆಸರುಗಳೆಲ್ಲ ಪರದೇಶದ ತಲೆಗಳ ಕೆಲಸ ಅಂದುಕೊಂಡಿರಾ? 2008ರಲ್ಲಿ ಬಂದ ಇಂಟೆಲ್‌ನ ಆರು ಕೋರಿನ ಝಿಯಾನ್ 7400 ರೂಪುಗೊಂಡದ್ದು ನಮ್ಮ ಬೆಂಗಳೂರಿನಲ್ಲಿ. ಅದರಲ್ಲಿ 190 ಕೋಟಿ ಟ್ರಾನ್ಸಿಸ್ಟರುಗಳು! ಎಎಂಡಿಯ ಜಗತ್ತಿನ ಅತಿ ದೊಡ್ಡ ವಿನ್ಯಾಸ ಕೇಂದ್ರ 2023ರ ನವೆಂಬರಿನಲ್ಲಿ ತೆರೆದದ್ದೂ ಬೆಂಗಳೂರಿನಲ್ಲೇ!

ಒಂದೇ ಬಳ್ಳಿಯ ಶೇಂಗಾ ಕಿತ್ತು ನೋಡಿ. ಒಂದು ಕಾಯಿ ಗಟ್ಟಿ, ಇನ್ನೊಂದು ಜೊಳ್ಳು. ಪ್ರೊಸೆಸರೂ ಹಾಗೇ! ಒಂದೇ ಸಿಲಿಕಾನ್ ಬಿಲ್ಲೆಯಿಂದ ಕತ್ತರಿಸಿದ ಎರಡು ತುಂಡುಗಳಲ್ಲಿ ಒಂದು ಹೆಚ್ಚು ಓಡುತ್ತದೆ, ಇನ್ನೊಂದು ಮುಗ್ಗರಿಸುತ್ತದೆ. ಗೆಳೆಯನ ಯಂತ್ರದ ಅಂಕಿಗಳನ್ನು ನಿಮ್ಮದಕ್ಕೆ ನಕಲು ಮಾಡಬೇಡಿ.

ಹೆಸರಿನ ಕೊನೆಯ ಅಕ್ಷರ ನೋಡಿದ್ದೀರಾ? ಇಂಟೆಲ್‌ನಲ್ಲಿ ‘ಕೆ’ ಇದ್ದರೆ ಬೀಗ ತೆಗೆದಿದೆ ಎಂದರ್ಥ. ಜೊತೆಗೆ ಝಡ್ ಸರಣಿಯ ಬೋರ್ಡ್ ಬೇಕು. ಎಎಂಡಿಯ ರೈಜೆನ್ ಬಹುಪಾಲು ಬೀಗವಿಲ್ಲದ್ದೇ, ಬೋರ್ಡ್ ಮಾತ್ರ ಬಿ ಅಥವಾ ಎಕ್ಸ್ ಸರಣಿಯದಾಗಿರಲಿ. 2021ರಿಂದ ಇಂಟೆಲ್‌ನ ಬಿ560 ಬೋರ್ಡಿನಲ್ಲೂ ರ‍್ಯಾಮ್ ವೇಗ ಏರಿಸಬಹುದು!

ವೋಲ್ಟೇಜಿನ ಲೆಕ್ಕ ಕೇಳಿದರೆ ಬೆಚ್ಚುತ್ತೀರಿ. ವೇಗ ನೂರಕ್ಕೆ 10 ಏರಿಸಿ, ವೋಲ್ಟೇಜನ್ನೂ ನೂರಕ್ಕೆ 10 ಏರಿಸಿ. ಬಿಸಿ ಎಷ್ಟು ಏರಿತು? ನೂರಕ್ಕೆ 33! ವೋಲ್ಟೇಜು ಬಿಸಿಯನ್ನು ವರ್ಗದ ಲೆಕ್ಕದಲ್ಲಿ ಏರಿಸುತ್ತದೆ. ಇಂಟೆಲ್‌ನ 13 ಮತ್ತು 14ನೇ ಪೀಳಿಗೆಯ ಕೆಲವು ಡೆಸ್ಕ್‌ಟಾಪ್ ಪ್ರೊಸೆಸರುಗಳು, ಯಾರೂ ಮುಟ್ಟದಿದ್ದರೂ, ವೋಲ್ಟೇಜು ಅತಿಯಾಗಿ ಕೆಟ್ಟವು. 2024ರಲ್ಲಿ ಕಂಪನಿ ವಾರಂಟಿಯನ್ನು ಎರಡು ವರ್ಷ ಹೆಚ್ಚಿಸಬೇಕಾಯಿತು. ಅಂಥ ಪ್ರೊಸೆಸರ್ ನಿಮ್ಮಲ್ಲಿದ್ದರೆ ಮೊದಲು ಬಯೋಸ್ ಅಪ್‌ಡೇಟ್ ಮಾಡಿ. ಯುಪಿಎಸ್ ಇಲ್ಲದೆ ಮಾತ್ರ ಬೇಡ! ನಡುವೆ ಕರೆಂಟ್ ಹೋದರೆ ಬೋರ್ಡ್ ಏಳದೆಯೇ ಹೋಗಬಹುದು.

ಇದು ತಲೆಕೆಳಗಾದ ಮಾತು, ಆದರೂ ನಿಜ. ವೋಲ್ಟೇಜು ತುಸು ಇಳಿಸಿದರೆ ಎಷ್ಟೋ ಸಲ ವೇಗ ಹೆಚ್ಚುತ್ತದೆ! ಬಿಸಿ ಕಡಿಮೆಯಾದರೆ ಪ್ರೊಸೆಸರ್ ತನ್ನ ಮೇಲಿನ ವೇಗದಲ್ಲಿ ಹೆಚ್ಚು ಹೊತ್ತು ನಿಲ್ಲುತ್ತದೆ. ನಮ್ಮ ಬಿಸಿಲಿನ ಊರುಗಳಿಗೆ ಹೇಳಿ ಮಾಡಿಸಿದ ದಾರಿ ಇದು.

ಒಂದು ಸಲಕ್ಕೆ ಒಂದೇ ಬದಲಾವಣೆ, ಅದೂ ಚಿಕ್ಕದು. ಆಮೇಲೆ ಪರೀಕ್ಷೆ. ರ‍್ಯಾಮಿಗೆ ಮೆಮ್‌ಟೆಸ್ಟ್86 ರಾತ್ರಿಯಿಡೀ ಓಡಲಿ. ಒಂದೇ ಒಂದು ತಪ್ಪು ಬಂದರೂ ಹಿಂದೆ ಸರಿಯಿರಿ. ಆ ಒಂದು ತಪ್ಪು ಸದ್ದಿಲ್ಲದೆ ನಿಮ್ಮ ಮದುವೆಯ ಫೋಟೋ ಕೆಡಿಸಬಲ್ಲದು!

ಡಿಡಿಆರ್5 ರ‍್ಯಾಮಿನ ಅಂಕಿ ಬದಲಿಸಿದ ಮೇಲೆ ಪರದೆ ಕೆಲವು ನಿಮಿಷ ಕಪ್ಪಾಗಿಯೇ ಇರಬಹುದು. ಹೆದರಬೇಡಿ, ಬೋರ್ಡ್ ಹೊಸ ಅಂಕಿಗೆ ಹೊಂದಿಕೊಳ್ಳುವುದನ್ನು ಕಲಿಯುತ್ತಿದೆ! ನಿಜಕ್ಕೂ ಏಳಲೇ ಇಲ್ಲವೇ? ಪ್ಲಗ್ ಕಿತ್ತು, ಬೋರ್ಡಿನ ಬಿಲ್ಲೆ ಬ್ಯಾಟರಿಯನ್ನು ಕೆಲವು ನಿಮಿಷ ತೆಗೆದಿಡಿ. ಎಲ್ಲ ಅಂಕಿಗಳನ್ನೂ ಮರೆತು ಹುಟ್ಟಿದ ದಿನದ ಸ್ಥಿತಿಗೆ ಬರುತ್ತದೆ.

ಇವತ್ತು ರಾತ್ರಿ ಊಟ ಆದ ಮೇಲೆ ಒಂದು ಕೆಲಸ ಮಾಡಿ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಒಟ್ಟಿಗೆ ಒತ್ತಿ. ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಪರ್ಫಾರ್ಮೆನ್ಸ್‌ಗೆ ಹೋಗಿ ಮೆಮೊರಿ ಒತ್ತಿ, ಸ್ಪೀಡ್ ಎದುರಿನ ಅಂಕಿ ಓದಿ. ರ‍್ಯಾಮ್ ಕೊಂಡ ಡಬ್ಬಿಯ ಮೇಲಿನ ಅಂಕಿಗೂ ಅದಕ್ಕೂ ತಾಳೆ ಇಲ್ಲದಿದ್ದರೆ, ನೀವು ಹಣ ಕೊಟ್ಟ ವೇಗ ಇನ್ನೂ ಬಯೋಸ್‌ನಲ್ಲಿ ಕಾಯುತ್ತಿದೆ!