ನವಲಗುಂದದ ಜಮಖಾನ: ವಲಸೆಯ ಹಾಸು, ಊರಿನ ಹೊಕ್ಕು

ಧಾರವಾಡ ಜಿಲ್ಲೆಯ ನವಲಗುಂದ ಎಂದೊಡನೆ ಓದುಗರಿಗೆ ನೆನಪಾಗುವುದು 1980ರ ರೈತ ಬಂಡಾಯ, ಆಮೇಲೆ ಮಹದಾಯಿ ನದಿನೀರಿನ ಹೋರಾಟ. ಇದೇ ಊರಿನ ಒಂದು ಓಣಿಗೆ ಅಲ್ಲಿ ನೇಯುವ ವಸ್ತುವಿನ ಹೆಸರೇ ಅಂಟಿಕೊಂಡಿದೆ: ಜಮಖಾನ ಗಲ್ಲಿ. ನೇಯುವವರು ಮುಸ್ಲಿಂ ಮನೆತನಗಳ ಹೆಣ್ಣುಮಕ್ಕಳು. ನೆಟ್ಟಗೆ ನಿಲ್ಲಿಸಿದ ಮಗ್ಗ, ಬಣ್ಣ ಹಾಕಿದ ಹತ್ತಿ ನೂಲು, ಹೊಕ್ಕಿನ ಎಳೆಗಳನ್ನು ಬಡಿದು ಕೂಡಿಸುವ ಹಲ್ಲಿನ ಪಂಜಾ, ಇಷ್ಟೇ ಅವರ ಸಾಮಗ್ರಿ. ನೆಲಕ್ಕೆ ಹಾಸುವ ಜಮಖಾನ, ನಮಾಜಿಗೆ ಹಾಸುವ ಜಾನಮಾಜ್, ದನಗಳ ಬೆನ್ನಿಗೆ ಹೊದಿಸುವ ದಪ್ಪ ಹೊದಿಕೆ, ಹೀಗೆ ಮೂರು ಬಗೆಯ ನೇಯ್ಗೆ ಇಲ್ಲಿ ರೂಢಿಯಲ್ಲಿದೆ. ಈ ನೇಯ್ಗೆಯಲ್ಲಿ ಅಡ್ಡ ಎಳೆಯಾದ ಹೊಕ್ಕು ಉದ್ದ ಎಳೆಯಾದ ಹಾಸನ್ನು ಪೂರ್ತಿ ಮುಚ್ಚಿಬಿಡುತ್ತದೆ. ಕಣ್ಣಿಗೆ ಕಾಣುವ ಬಣ್ಣ, ಚಿತ್ತಾರಗಳೆಲ್ಲ ಹೊಕ್ಕಿನವು; ಅವನ್ನು ಹಿಡಿದಿಟ್ಟ ಹಾಸು ಕಾಣುವುದೇ ಇಲ್ಲ. ಈ ಕಸುಬಿನ ಚರಿತ್ರೆಯ ಪಾಡೂ ಹಾಗೆಯೇ ಆಗಿದೆ.

ಓಣಿಯವರು ತಲೆಮಾರಿನಿಂದ ಹೇಳಿಕೊಂಡು ಬಂದ ಪ್ರಕಾರ ಈ ನೇಕಾರರ ಹಿರಿಯರು ವಿಜಯಪುರದವರು. ಹದಿನಾರನೆಯ ಶತಮಾನದಲ್ಲಿ, ಅಲಿ ಆದಿಲ್‌ಶಾಹನಿಗೂ ವಿಜಯನಗರಕ್ಕೂ ಕದನ ನಡೆದ ಕಾಲದಲ್ಲಿ, ಮಗ್ಗದ ವಿದ್ಯೆಯನ್ನು ಹೊತ್ತು ತೆಂಕಣಕ್ಕೆ ಬಂದರು. ಇಲ್ಲಿನ ನೀರು, ಹವೆ ಹಿಡಿಸಿ ನೆಲೆಯೂರಿದರು. 2011ರಲ್ಲಿ ನವಲಗುಂದದ ಜಮಖಾನಕ್ಕೆ ಭೌಗೋಳಿಕ ಸೂಚಕದ ಮಾನ್ಯತೆ ಬಂತು. ಈ ವಸ್ತು ಈ ಊರಿನದೇ, ಬೇರೆಡೆ ನೇಯ್ದದ್ದಕ್ಕೆ ಈ ಹೆಸರು ಸಲ್ಲದು ಎಂಬುದು ಆ ಮಾನ್ಯತೆಯ ತಿರುಳು. ಒಂದು ಕಡೆ ಬೇರೆ ಊರಿನಿಂದ ಬಂದ ಕಥೆ, ಇನ್ನೊಂದು ಕಡೆ ಈ ಊರಿಗೇ ಸೇರಿದ್ದೆಂಬ ಸರ್ಕಾರಿ ಮುದ್ರೆ. ಎರಡೂ ಒಂದಕ್ಕೊಂದು ಎದುರಾದಂತೆ ತೋರುತ್ತವೆ. ಆದರೆ ಬಂದು, ಬೇರು ಬಿಟ್ಟಿದ್ದರಿಂದಲೇ ಅದು ಊರಿನದಾಯಿತು. ಪ್ರಮಾಣಪತ್ರ ಬೇರನ್ನು ಹೇಳುತ್ತದೆ. ಬಂದ ದಾರಿಯನ್ನು ಹೇಳಲು ಊರಿನಲ್ಲೇ ಒಂದು ವಸ್ತುಸಂಗ್ರಹಾಲಯ ಬೇಕು ಎಂಬುದು ಈ ಲೇಖನದ ವಾದ.

ಬಂದದ್ದೇ ಊರಿನದಾಯಿತೆಂಬುದಕ್ಕೆ ಮೊದಲ ಪುರಾವೆ ಜಮಖಾನವೇ. ಜಾನಮಾಜ್ ಎಂಬುದು ಪಾರಸಿ ಪದ; ನಮಾಜಿನ ಜಾಗ ಎಂದು ಅದರ ಅರ್ಥ. ಅದೇ ಮಗ್ಗದ ಮೇಲೆ ಮೂಡುವ ಹೆಸರುವಾಸಿ ಚಿತ್ತಾರ ನವಿಲು, ಈ ಊರಿನ ಹೆಸರಿನಲ್ಲೇ ಕೂತ ಹಕ್ಕಿ. ಇನ್ನೊಂದು ಚಿತ್ತಾರ ಪಗಡೆಯ ಹಾಸು, ನಮ್ಮ ಹಳ್ಳಿಗಳ ಕಟ್ಟೆ, ಜಗುಲಿಗಳ ಆಟ. ಹೊರಗಿನಿಂದ ತಂದ ವಿದ್ಯೆ ಇಲ್ಲಿ ಕಂಡದ್ದನ್ನು ನೇಯತೊಡಗಿತು. ಕಸುಬು ಕೈಯಿಂದ ಕೈಗೆ ದಾಟಿದ ಬಗೆಯೂ ಗಮನಿಸುವಂಥದ್ದು. ಮಗಳು ಮದುವೆಯಾಗಿ ಹೋದರೆ ಗುಟ್ಟೂ ಹೋಗುತ್ತದೆಂದು ಸೊಸೆಗೆ ಕಲಿಸುವ ಪದ್ಧತಿ ಇತ್ತೆಂದು ಹೇಳುತ್ತಾರೆ. ಅಂದರೆ ಈ ವಿದ್ಯೆಯನ್ನು ಉಳಿಸಿದವರು ಬೇರೆ ಮನೆಯಿಂದ ಬಂದವರು. ತವರು ಬಿಟ್ಟು ಬಂದವಳೇ ಮನೆಯ ವಾರಸುದಾರಳಾಗುವ ಈ ಕ್ರಮ, ವಲಸೆಗೂ ಒಡೆತನಕ್ಕೂ ಜಗಳವಿಲ್ಲವೆಂಬುದನ್ನು ಯಾವ ವ್ಯಾಖ್ಯಾನವೂ ಬೇಡದಷ್ಟು ಸ್ಪಷ್ಟವಾಗಿ ತೋರಿಸುತ್ತದೆ.

ಜಿಲ್ಲೆಯಲ್ಲಿ ಇದು ಒಂಟಿ ಕಥೆಯೂ ಅಲ್ಲ. ಇಂದು ಧಾರವಾಡದ ಮಣ್ಣಿನ ಗುಣವೆಂದೇ ನಾವು ಹೊಗಳುವ ಕಿರಾನಾ ಗಾಯನದ ಹೆಸರು ಉತ್ತರ ಪ್ರದೇಶದ ಕೈರಾನಾ ಎಂಬ ಊರಿನದು. ಅಲ್ಲಿಂದ ಹೊರಟ ಅಬ್ದುಲ್ ಕರೀಂ ಖಾನರು (1872–1937) ಮಿರಜಿನಲ್ಲಿ ನೆಲೆಸಿದರು. ಅವರ ವಿದ್ಯೆ ಶಿಷ್ಯ ಸವಾಯಿ ಗಂಧರ್ವರ (1886–1952) ಮೂಲಕ ಕುಂದಗೋಳಕ್ಕೆ ಇಳಿಯಿತು. ಗಂಗೂಬಾಯಿ ಹಾನಗಲ್ಲರು ಹುಬ್ಬಳ್ಳಿಯಿಂದ ರೈಲು ಹತ್ತಿ ಅಲ್ಲಿಗೆ ಪಾಠಕ್ಕೆ ಹೋಗುತ್ತಿದ್ದರು. ಭೀಮಸೇನ ಜೋಶಿಯವರು ಗುರುಗಳ ಮನೆಯಲ್ಲೇ ಇದ್ದು ಕಲಿತರು. ಕಲಘಟಗಿಯ ಕಾಡಂಚಿನ ಸಿದ್ದಿಗಳ ಹಿರಿಯರು ಬಂದದ್ದು ಆಫ್ರಿಕಾದಿಂದ, ಅದೂ ಸ್ವಂತ ಇಚ್ಛೆಯಿಂದಲ್ಲ. ಪೋರ್ಚುಗೀಸರ ಗೋವಾದಲ್ಲಿ ಗುಲಾಮರಾಗಿದ್ದು, ತಪ್ಪಿಸಿಕೊಂಡು ಘಟ್ಟ ಸೇರಿದವರು ಅವರಲ್ಲಿ ಅನೇಕರು. ಧಾರವಾಡ ಜಿಲ್ಲೆಯ ಸಿದ್ದಿಗಳಿಗೆ ಪರಿಶಿಷ್ಟ ಪಂಗಡದ ಸ್ಥಾನ ಸಿಕ್ಕಿದ್ದು 2020ರಲ್ಲಿ. ಹಳೆಯ ಸೀರೆ, ಧೋತರಗಳ ತುಂಡು ಕೂಡಿಸಿ ಅವರ ಹೆಂಗಸರು ಹೊಲಿಯುವ ಕೌದಿ ಇಂದು ದೂರದೂರದ ಪ್ರದರ್ಶನಗಳಿಗೂ ಹೋಗುತ್ತಿದೆ. ಜಮಖಾನ, ಗಾಯನ, ಕೌದಿ, ಈ ಮೂರನ್ನೂ ತೆಗೆದರೆ ಧಾರವಾಡ ಜಿಲ್ಲೆ ತನ್ನದೆಂದು ಹೇಳಿಕೊಳ್ಳುವುದರಲ್ಲಿ ಎಷ್ಟು ಉಳಿದೀತು?

ಇಂಥ ಕಥೆಗಳಿಗೆ ಮನೆ ಕಟ್ಟಿಕೊಟ್ಟ ಮಾದರಿಗಳಿವೆ. ಆಸ್ಟ್ರೇಲಿಯದ ಅಡಿಲೇಡ್ ನಗರದಲ್ಲಿ 1986ರಲ್ಲಿ ತೆರೆದ ವಲಸೆ ಸಂಗ್ರಹಾಲಯ ಇರುವುದು ಹಿಂದೆ ನಿರ್ಗತಿಕರ ಆಶ್ರಯವಾಗಿದ್ದ ಕಟ್ಟಡದಲ್ಲಿ. ಬೇರೆ ಬೇರೆ ಸಮುದಾಯಗಳು ತಮ್ಮ ಕಥೆಯನ್ನು ತಾವೇ ಜೋಡಿಸಿಡಲು ಅಲ್ಲಿ ಜಾಗವಿದೆ. ನಮ್ಮ ದೇಶದಲ್ಲೇ, 2017ರಲ್ಲಿ ಅಮೃತಸರದ ಟೌನ್‌ಹಾಲಿನಲ್ಲಿ ಆರಂಭವಾದ ವಿಭಜನೆಯ ಸಂಗ್ರಹಾಲಯಕ್ಕೆ ಜನ ತಮ್ಮ ಮನೆಯ ಪೆಟ್ಟಿಗೆ, ಬಟ್ಟೆ, ಕಾಗದಗಳನ್ನು ಕೊಟ್ಟರು, ನೆನಪುಗಳನ್ನು ಹೇಳಿ ಧ್ವನಿಮುದ್ರಿಸಿದರು. ರಾಜರ ಕತ್ತಿ, ಕಿರೀಟಗಳಿಲ್ಲದೆಯೂ ಸಂಗ್ರಹಾಲಯ ನಡೆಯುತ್ತದೆಂದು ಇವು ತೋರಿಸಿಕೊಟ್ಟಿವೆ. ನವಲಗುಂದಕ್ಕೂ ಬೇಕಾದದ್ದು ಇಷ್ಟೇ: ಜಮಖಾನ ಗಲ್ಲಿಯಲ್ಲಿ ಒಂದು ಮನೆ, ನಡುಮನೆಯಲ್ಲಿ ನಡೆಯುತ್ತಿರುವ ಮಗ್ಗ, ಗೋಡೆಗೆ ಹಳೆಯ ಜಮಖಾನಗಳು, ಕಥೆ ಹೇಳಲು ನೇಕಾರ್ತಿಯರೇ.

ಕಥೆಗೆ ದಾಖಲೆ ಎಲ್ಲಿ, ಬಾಯಿಮಾತನ್ನು ಗೋಡೆಗೆ ತೂಗಿದರೆ ಅದು ಚರಿತ್ರೆಯಾದೀತೆ ಎಂದು ಇತಿಹಾಸಕಾರರು ಕೇಳಬಹುದು. ಕೇಳುವುದು ನ್ಯಾಯವೇ. ವಿಜಯನಗರ ಸೋತ ರಕ್ಕಸ-ತಂಗಡಿಯ ಯುದ್ಧ 1565ರಲ್ಲಿ ನಡೆಯಿತೆಂಬುದು ಒಂದು ಜಾತಿಯ ಸತ್ಯ. ಅಂಥ ಯುದ್ಧಗಳ ಕಾಲದಲ್ಲಿ ನಮ್ಮವರು ಊರು ಬಿಟ್ಟರೆಂದು ಒಂದು ಓಣಿ ನೆನೆಯುವುದು ಇನ್ನೊಂದು ಜಾತಿಯದು. ಒಳ್ಳೆಯ ಸಂಗ್ರಹಾಲಯ ಎರಡನ್ನೂ ಬೆರೆಸದೆ, ‘ದಾಖಲೆ ಹೀಗಿದೆ’, ‘ಓಣಿಯವರು ಹೀಗೆ ಹೇಳುತ್ತಾರೆ’ ಎಂದು ಬೇರೆ ಬೇರೆ ಫಲಕ ಬರೆಯುತ್ತದೆ. ಸುಲ್ತಾನರ ಯುದ್ಧಗಳನ್ನು ಬರೆದಿಡಲು ಆಸ್ಥಾನದ ಬರಹಗಾರರಿದ್ದರು. ನೇಕಾರ್ತಿಯ ಬಳಿ ಇದ್ದದ್ದು ನೂಲು ಮತ್ತು ನಾಲಗೆ.

ಇದಕ್ಕಿಂತ ಗಂಭೀರವಾದ ಆಕ್ಷೇಪ ಬೇರೊಂದಿದೆ. ಇವರು ಬಂದವರು ಎಂದು ಫಲಕ ಹಾಕಿದರೆ, ನಾಳೆ ಯಾರಾದರೂ ‘ಹಾಗಾದರೆ ನೀವು ಹೊರಗಿನವರು’ ಎಂದು ಬೆರಳು ತೋರಿಸಿದರೆ? ಇಂದಿನ ಕಾಲದಲ್ಲಿ ಈ ಅಂಜಿಕೆಯನ್ನು ತಳ್ಳಿಹಾಕಲಾಗದು. ಆದರೆ ಕಥೆಯನ್ನು ಮುಚ್ಚಿಟ್ಟರೆ ಬೆರಳು ತೋರಿಸುವವರು ತಮಗೆ ಬೇಕಾದಂತೆ ಅದನ್ನು ಹೇಳಿಯಾರು. ಅಂಜಿಕೆಗೆ ಮದ್ದೆಂದರೆ ಎಲ್ಲರ ದಾರಿಯನ್ನೂ ಒಂದೇ ಗೋಡೆಯ ಮೇಲೆ ಬರೆಯುವುದು. ವಿಜಯಪುರದಿಂದ, ಕೈರಾನಾದಿಂದ, ಆಫ್ರಿಕಾದಿಂದ ಬಂದ ಗೆರೆಗಳ ಪಕ್ಕದಲ್ಲಿ, ಮಳೆ ಕೈಕೊಟ್ಟ ವರ್ಷ ಗೋವಾಕ್ಕೆ, ಬೆಂಗಳೂರಿಗೆ ಗುಳೆ ಹೋಗುವ ನಮ್ಮ ಎರೆನೆಲದ ಕೂಲಿಕಾರರ ಗೆರೆಯೂ ಇರಲಿ. ಗುಳೆ ಹೋದವನು ಪರ ಊರಿನಲ್ಲಿ ಎಂಥ ಮಾತು ಕೇಳುತ್ತಾನೆಂಬುದು ಗೊತ್ತಿರುವ ಊರು, ತನ್ನಲ್ಲಿಗೆ ನಾನ್ನೂರಕ್ಕೂ ಹೆಚ್ಚು ವರ್ಷಗಳ ಹಿಂದೆ ಬಂದವರ ಮೇಲೆ ಅದೇ ಮಾತು ಆಡಲು ಹಿಂಜರಿದೀತು.

ಕೊನೆಯದು ಹೊಟ್ಟೆಯ ಪ್ರಶ್ನೆ. ಮಗ್ಗಕ್ಕೆ ಕೂರುವವರೇ ಕಡಿಮೆಯಾಗುತ್ತಿರುವಾಗ ಸಂಗ್ರಹಾಲಯಕ್ಕೆ ಸುರಿಯುವ ದುಡ್ಡನ್ನು ಕೂಲಿಗೇ ಕೊಡಬಾರದೆ? ಎರಡರಲ್ಲಿ ಒಂದನ್ನೇ ಆಯಬೇಕಾದರೆ ಕೂಲಿಯೇ ಮೊದಲು, ಅನುಮಾನವಿಲ್ಲ. ಆದರೆ ಯಂತ್ರದ ಹಾಸು ಅಗ್ಗಕ್ಕೆ ಸಿಗುವ ಪೇಟೆಯಲ್ಲಿ ಕೈನೇಯ್ಗೆಗೆ ಹೆಚ್ಚು ಬೆಲೆ ತೆರುವವರು ಅದರ ಹಿಂದಿನ ಕಥೆಗೂ ಸೇರಿಸಿಯೇ ತೆರುತ್ತಾರೆ. ಆ ಕಥೆ ಹೇಳುವ ಮನೆಯಲ್ಲೇ ಜಮಖಾನ ಮಾರಾಟವಾದರೆ, ದಲ್ಲಾಳಿಯ ಪಾಲು ನೇಕಾರ್ತಿಯ ಕೈಗೆ ಬರುತ್ತದೆ. ಪುರಸಭೆ ಒಂದು ಹಳೆಯ ಮನೆ ಕೊಡಲಿ, ಕರಕುಶಲ ನಿಗಮ ಮಗ್ಗ ಹೂಡಿಸಲಿ, ಶಾಲೆಯ ಮಕ್ಕಳು ಅಜ್ಜಿಯರ ಮಾತು ಬರೆದುಕೊಳ್ಳಲಿ. ಅದಕ್ಕೂ ಮೊದಲು ಓದುಗರಿಂದ ಆಗಬಹುದಾದ ಕೆಲಸವೊಂದಿದೆ: ವಿಜಯಪುರದ ಹಾದಿಯಲ್ಲಿ ಹೋಗುವಾಗ ನವಲಗುಂದದಲ್ಲಿ ಇಳಿದು, ಜಮಖಾನ ಗಲ್ಲಿ ಯಾವುದೆಂದು ಕೇಳಿ.